ಡೇರೆಯಲ್ಲಿ ನೆಮ್ಮದಿಯ ನಿದ್ದೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾಂಪಿಂಗ್ ಹೊರಡುವ ಮುನ್ನ ಪತ್ರ ಬರೆದು ವಿಚಾರಿಸಿದವರ, ಜೊತೆಗೆ ಬಂದು ಬೆಳಿಗ್ಗೆ ಕೆಂಪುಗಣ್ಣಿನಲ್ಲಿ ಎದ್ದು ಕುಳಿತವರ ಪ್ರಶ್ನೆಗಳು ಇಲ್ಲಿವೆ. ಯಾವ ಡೇರೆ ಕೊಳ್ಳಬೇಕು ಎಂದು ಎಲ್ಲರೂ ಮೊದಲೇ ಕೇಳುತ್ತಾರೆ. ನಿದ್ದೆಯ ಮಾತು ಬರುವುದು ಒಂದು ರಾತ್ರಿ ನಡುಗಿ ಕಳೆದ ಮೇಲೆ. ಬಯಲಿಗೆ ಬಂದ ಮೇಲೆ ನಿದ್ದೆಗೆಡುವುದು ಇದ್ದದ್ದೇ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ರಾತ್ರಿ ಹೇಗೆ ಕಳೆಯುತ್ತದೆ ಎಂಬುದು ಬಹುಮಟ್ಟಿಗೆ ಸೂರ್ಯ ಮುಳುಗುವ ಮೊದಲೇ ತೀರ್ಮಾನವಾಗಿರುತ್ತದೆ: ನಾವು ಆರಿಸಿದ ನೆಲದಲ್ಲಿ, ಆ ನೆಲಕ್ಕೂ ಬೆನ್ನಿಗೂ ನಡುವೆ ಹಾಸಿದ್ದರಲ್ಲಿ.

## ಮೊದಲ ಸಲ ಹೊರಡುವವರಿಗೆ

ಮನೆಯಲ್ಲಿ ದಿಂಬಿಗೆ ತಲೆ ಕೊಟ್ಟರೆ ನಿದ್ದೆ. ಡೇರೆಯಲ್ಲಿ ಮೊದಲ ರಾತ್ರಿ ಮಾತ್ರ ಬರೀ ಕೋಳಿನಿದ್ದೆ. ನನ್ನಲ್ಲೇನಾದರೂ ತೊಂದರೆ ಇದೆಯೇ?

ಏನೂ ಇಲ್ಲ. ಹೊಸ ಜಾಗದಲ್ಲಿ ಮೆದುಳು ಕಾವಲಿಗೆ ಕೂರುತ್ತದೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಮಸಾಕೊ ತಮಾಕಿ, ಯುಕಾ ಸಸಾಕಿ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ಜಾಗದ ಮೊದಲ ರಾತ್ರಿ ಮೆದುಳಿನ ಎಡ ಭಾಗ ಬಲ ಭಾಗದಷ್ಟು ಗಾಢವಾಗಿ ನಿದ್ರಿಸುತ್ತಿರಲಿಲ್ಲ. ಅಪರಿಚಿತ ಸದ್ದಿಗೆ ಅದು ಬೇಗ ಎಚ್ಚರಗೊಳ್ಳುತ್ತಿತ್ತು. ಅದೇ ಜಾಗದಲ್ಲಿ ಇನ್ನೊಮ್ಮೆ ಮಲಗಿಸಿದಾಗ ಆ ವ್ಯತ್ಯಾಸ ಉಳಿಯಲಿಲ್ಲ. ನಿದ್ದೆಯ ಪ್ರಯೋಗಾಲಯಗಳು ಮೊದಲ ರಾತ್ರಿಯ ದಾಖಲೆಯನ್ನು ಲೆಕ್ಕಕ್ಕೆ ಹಿಡಿಯದಿರುವುದು ಹಳೆಯ ರೂಢಿ.

ಆದ್ದರಿಂದ ಮೊದಲ ರಾತ್ರಿಯ ಮೇಲೆ ಹೆಚ್ಚಿನ ಭಾರ ಹೊರಿಸಬೇಡಿ. ಸಾಧ್ಯವಾದರೆ ಒಂದೇ ಜಾಗದಲ್ಲಿ ಎರಡು ರಾತ್ರಿ ಉಳಿಯಿರಿ, ಪ್ರಯಾಸದ ನಡಿಗೆಯನ್ನು ಮೂರನೆಯ ದಿನಕ್ಕೆ ಇಟ್ಟುಕೊಳ್ಳಿ. ಮನೆಯ ದಿಂಬಿನ ಹೊದಿಕೆಯನ್ನು ಒಗೆಯದೆ ಹಾಗೆಯೇ ಒಯ್ಯಿರಿ. ಪರಿಚಿತ ವಾಸನೆಯಿಂದ ಮನಸ್ಸು ಹಗುರಾಗುವುದನ್ನು ನಾನು ಹಲವರಲ್ಲಿ ಕಂಡಿದ್ದೇನೆ. ಹೊರಡುವ ಮೊದಲು ಕೆಳಗೆ ಹಾಸುವ ಅದೇ ಮ್ಯಾಟ್, ಮೈ ತೂರಿಸಿ ಮಲಗುವ ಅದೇ ಸ್ಲೀಪಿಂಗ್ ಬ್ಯಾಗಿನಲ್ಲಿ ಮನೆಯ ನೆಲದ ಮೇಲೆ ಒಂದು ರಾತ್ರಿ ಮಲಗಿ ನೋಡಿದರೆ, ಯಾವುದು ಚುಚ್ಚುತ್ತದೆ, ಯಾವುದು ಸಾಲದು ಎಂದು ಅಲ್ಲೇ ಗೊತ್ತಾಗುತ್ತದೆ.

ಎರಡು ಕಂಬಳಿ ಹೊದ್ದರೂ ಬೆನ್ನು ತಣ್ಣಗೇ ಇತ್ತು. ಮೂರನೆಯದನ್ನು ಒಯ್ಯಬೇಕೇ?

ಮೂರನೆಯದನ್ನು ಹೊದೆಯಬೇಡಿ, ಹಾಸಿಕೊಳ್ಳಿ. ನನಗೆ ಬರುವ ದೂರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಒಂದು ಮಾತಿನಲ್ಲಿ ಮುಗಿಯುತ್ತವೆ. ಹೊದಿಕೆ ಬೆಚ್ಚಗಿಡುವುದು ತನ್ನೊಳಗೆ ಹಿಡಿದಿಟ್ಟ ಗಾಳಿಯಿಂದ. ಮೈಯ ಭಾರಕ್ಕೆ ಸಿಕ್ಕ ಕಡೆ ಆ ಗಾಳಿ ಹಿಂಡಿಹೋಗುತ್ತದೆ. ಬೆನ್ನು, ಸೊಂಟ, ಭುಜಗಳ ಕೆಳಗೆ ಅತ್ಯುತ್ತಮ ಸ್ಲೀಪಿಂಗ್ ಬ್ಯಾಗ್ ಕೂಡ ತೆಳುಬಟ್ಟೆಯಷ್ಟೇ ಆಗಿ ಉಳಿಯುತ್ತದೆ. ಅಲ್ಲಿಂದ ಮೈಯ ಕಾವು ನೇರವಾಗಿ ನೆಲಕ್ಕೆ ಇಳಿಯುತ್ತದೆ, ಮತ್ತು ನೆಲಕ್ಕೆ ಎಷ್ಟು ಕೊಟ್ಟರೂ ತೃಪ್ತಿಯಿಲ್ಲ.

ಇದನ್ನು ತಡೆಯುವುದು ಮ್ಯಾಟ್. ಅದರ ತಡೆಯುವ ಶಕ್ತಿಯನ್ನು ಆರ್-ವ್ಯಾಲ್ಯೂ ಎಂಬ ಅಂಕಿಯಲ್ಲಿ ಹೇಳುತ್ತಾರೆ. ಹಿಂದೆ ಒಬ್ಬೊಬ್ಬ ತಯಾರಕರದು ಒಂದೊಂದು ಲೆಕ್ಕವಿತ್ತು. 2018ರಲ್ಲಿ ಎಎಸ್‌ಟಿಎಂ ಎಫ್3340 ಎಂಬ ಏಕರೂಪದ ಪರೀಕ್ಷೆ ಬಂದ ಮೇಲೆ ಬೇರೆ ಬೇರೆ ಮ್ಯಾಟ್‌ಗಳನ್ನು ಹೋಲಿಸಬಹುದಾಗಿದೆ. ಬೆಚ್ಚನೆಯ ರಾತ್ರಿಗಳಿಗೆ 2ರ ಒಳಗಿನದು ಸಾಕು. ಚಳಿಯಿದ್ದರೆ 2ರಿಂದ 4, ನೀರು ಹೆಪ್ಪುಗಟ್ಟುವ ಹವೆಗೆ 4ಕ್ಕಿಂತ ಮೇಲೆ, ಹಿಮದ ಮೇಲೆ ಮಲಗುವುದಾದರೆ 5ಕ್ಕೂ ಮಿಕ್ಕಿ ಇರಲಿ. ಇನ್ನೊಂದು ಅನುಕೂಲವೆಂದರೆ ಈ ಅಂಕಿಗಳನ್ನು ಕೂಡಬಹುದು: 2ರ ಫೋಮ್ ಮ್ಯಾಟಿನ ಮೇಲೆ 3ರ ಗಾಳಿ ಮ್ಯಾಟ್ ಹಾಸಿದರೆ 5 ಆಯಿತು. ಗಾಳಿ ಮ್ಯಾಟ್ ತೂತಾದ ರಾತ್ರಿ ಕೆಳಗಿನ ಫೋಮ್ ಕೈಹಿಡಿಯುತ್ತದೆ. ಕೊಳ್ಳಲು ಹಣ ಎಣಿಸಿ ಇಟ್ಟಿದ್ದರೆ ಮೊದಲು ಮ್ಯಾಟಿಗೆ, ಆಮೇಲೆ ಸ್ಲೀಪಿಂಗ್ ಬ್ಯಾಗಿಗೆ, ಕೊನೆಗೆ ಡೇರೆಗೆ ಎಂದು ನಾನು ಹೇಳುತ್ತೇನೆ.

ಡೇರೆ ಹಾಕಲು ಒಳ್ಳೆಯ ಜಾಗವನ್ನು ಹೇಗೆ ಗುರುತಿಸುವುದು? ನಮಗೆ ಹೊಳೆಯ ದಂಡೆಯೇ ಚಂದವೆನ್ನಿಸಿತು.

ನೋಡಲು ಚಂದ, ಮಲಗಲು ಅಲ್ಲ. ತಣ್ಣನೆಯ ಗಾಳಿ ಭಾರ. ಆಕಾಶ ತಿಳಿಯಾಗಿ ಗಾಳಿಯಾಡದ ರಾತ್ರಿಗಳಲ್ಲಿ ಅದು ಇಳಿಜಾರಿನಲ್ಲಿ ನೀರಿನಂತೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಹೊಳೆ ಹರಿಯುವುದೇ ತಗ್ಗಿನಲ್ಲಿ. ಅಲ್ಲಿ ತೇವವೂ ಹೆಚ್ಚು, ಸೊಳ್ಳೆಯೂ ಹೆಚ್ಚು, ಮೇಲೆಲ್ಲೋ ಸುರಿದ ಮಳೆಗೆ ರಾತ್ರೋರಾತ್ರಿ ನೀರು ಏರುವ ಅಪಾಯವೂ ಇದೆ. ಒಣಗಿದ ಹಳ್ಳದ ಪಾತ್ರದಲ್ಲಂತೂ ಎಂದಿಗೂ ಮಲಗಬೇಡಿ. ದಂಡೆಯಿಂದ ಕನಿಷ್ಠ 60 ಮೀಟರ್ ದೂರ, ಸ್ವಲ್ಪ ಎತ್ತರಕ್ಕೆ ಹೋಗಿ. ಹಾಗೆಂದು ಗುಡ್ಡದ ನೆತ್ತಿಗೂ ಏರಬೇಡಿ; ಅಲ್ಲಿ ಗಾಳಿ ಡೇರೆಯ ಬಟ್ಟೆಯನ್ನು ರಾತ್ರಿಯಿಡೀ ಬಡಿಯುತ್ತದೆ, ಗುಡುಗು ಬಂದರೆ ಜೀವಕ್ಕೇ ಅಪಾಯ.

ಜಾಗ ಸಿಕ್ಕಿತು ಎನ್ನಿಸಿದಾಗ ಮೊದಲು ತಲೆಯೆತ್ತಿ ನೋಡಿ. ಒಣಕೊಂಬೆ ತೂಗುತ್ತಿದ್ದರೆ, ಸತ್ತ ಮರ ವಾಲಿದ್ದರೆ ಅಲ್ಲಿಂದ ಹೊರಡಿ. ಬಳಿಕ ಡೇರೆ ಬಿಚ್ಚುವ ಮುನ್ನ ಬರೀ ನೆಲದ ಮೇಲೆ ಐದು ನಿಮಿಷ ಮಲಗಿ. ಕಣ್ಣಿಗೆ ಸಮತಟ್ಟಾಗಿ ಕಂಡ ನೆಲ ಬೆನ್ನಿಗೆ ಹಾಗೆ ಇರುವುದಿಲ್ಲ. ಕಲ್ಲು, ಒಣಕಾಯಿಗಳನ್ನು ಆರಿಸಿ ತೆಗೆಯಿರಿ. ಬೇರುಗಳನ್ನು ತೆಗೆಯಲಾಗದು, ಜಾಗವನ್ನೇ ಬದಲಿಸಿ. ಕೊಂಚ ಇಳಿಜಾರಿದ್ದರೆ ತಲೆ ಮೇಲ್ಭಾಗಕ್ಕಿರಲಿ. ಅಡ್ಡ ಇಳಿಜಾರಿನಲ್ಲಿ ಮಾತ್ರ ಮಲಗಬೇಡಿ. ರಾತ್ರಿಯೆಲ್ಲ ಉರುಳುತ್ತಾ ಮತ್ತೆ ಮೇಲೇರುತ್ತಾ ಕಳೆಯಬೇಕಾಗುತ್ತದೆ. ಇದನ್ನೆಲ್ಲ ಮಾಡಲು ಬೆಳಕಿರಬೇಕು. ಕತ್ತಲಾಗುವುದಕ್ಕೆ ಎರಡು ಗಂಟೆ ಮೊದಲು ತಲುಪಬೇಕೆಂದು ನಾನು ಹಟ ಹಿಡಿಯುವುದು ಇದಕ್ಕೇ.

ಅಲ್ಲಿ ರಾತ್ರಿ ಎಂಟಕ್ಕೇ ಕಣ್ಣು ಎಳೆಯುತ್ತದೆ, ಐದಕ್ಕೆ ಎಚ್ಚರವಾಗುತ್ತದೆ. ಹೀಗೇಕೆ?

ದೇಹದ ಗಡಿಯಾರ ಸೂರ್ಯನ ಜೊತೆ ಹೊಂದಿಕೊಳ್ಳುತ್ತಿದೆ. ಕೊಲರಾಡೊ ವಿಶ್ವವಿದ್ಯಾಲಯದ ಕೆನೆತ್ ರೈಟ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಎಂಟು ಜನರನ್ನು ಒಂದು ವಾರ ರಾಕಿ ಪರ್ವತಗಳಲ್ಲಿ ಕ್ಯಾಂಪ್ ಮಾಡಿಸಿದರು. ಬಿಸಿಲು ಮತ್ತು ಶಿಬಿರದ ಬೆಂಕಿ ಬಿಟ್ಟರೆ ಬೇರೆ ಬೆಳಕಿಲ್ಲ, ಟಾರ್ಚ್ ಕೂಡ ಇಲ್ಲ. ವಾರದ ಕೊನೆಗೆ ಅವರಲ್ಲಿ ರಾತ್ರಿಯ ಹಾರ್ಮೋನಾದ ಮೆಲಟೋನಿನ್ ಸುಮಾರು ಎರಡು ಗಂಟೆ ಮುಂಚೆಯೇ ಏರತೊಡಗಿತ್ತು. ನಿದ್ದೆ ಬಂದಾಗ ಮಲಗಿಬಿಡಿ. ಇಷ್ಟು ಬೇಗ ಮಲಗುವುದೇ ಎಂಬ ಸಂಕೋಚ ಬೇಡ. ಬೆಳಿಗ್ಗೆ ಹೊರಗೆ ಬಂದು ಬೆಳಕಿಗೆ ಮುಖವೊಡ್ಡಿ. ಸಂಜೆ ಮೊಬೈಲನ್ನು ಚೀಲದೊಳಗೆ ಇಡಿ, ತಲೆಗೆ ಕಟ್ಟುವ ಹೆಡ್‌ಲ್ಯಾಂಪಿನಲ್ಲಿ ಕೆಂಪು ಬೆಳಕಿದ್ದರೆ ಅದನ್ನೇ ಹಚ್ಚಿ.

ದಿಂಬು ಹೊರುವುದು ದಂಡವಲ್ಲವೇ?

ಅಲ್ಲ. ಬೆನ್ನ ಮೇಲೆ ಹೊರುವವರು ಮೆತ್ತನೆಯ ಜಾಕೆಟನ್ನು ಬಟ್ಟೆಯ ಚೀಲದೊಳಗೆ ತುಂಬಿಕೊಂಡರೂ ಆದೀತು. ಮಗ್ಗುಲಾಗಿ ಮಲಗುವವರಿಗೆ ದಿಂಬು ಕುತ್ತಿಗೆಯಿಂದ ಭುಜದ ತುದಿಯವರೆಗಿನಷ್ಟು ಎತ್ತರವಿರಬೇಕು, ಇಲ್ಲವಾದರೆ ಕುತ್ತಿಗೆ ಹಿಡಿಯುತ್ತದೆ.

## ಚಳಿ, ಸೆಕೆ, ತೇವ

ಸ್ಲೀಪಿಂಗ್ ಬ್ಯಾಗಿನ ಮೇಲೆ 0 ಡಿಗ್ರಿ ಎಂದಿತ್ತು. 6 ಡಿಗ್ರಿಗೇ ಹಲ್ಲು ಕಟಕಟಿಸಿತು. ಮೋಸ ಹೋದೆವೇ?

ಯಾವ ಅಂಕಿಯನ್ನು ಓದಿದಿರಿ ಎಂಬುದರ ಮೇಲೆ ನಿಂತಿದೆ. ಐಎಸ್‌ಒ 23537 ಮಾನದಂಡದಂತೆ ಪರೀಕ್ಷಿಸಿದ ಬ್ಯಾಗಿನ ಮೇಲೆ ಮೂರು ಅಂಕಿಗಳಿರುತ್ತವೆ. ‘ಕಂಫರ್ಟ್’ ಎಂದರೆ ಸಾಮಾನ್ಯ ಮೈಕಟ್ಟಿನ ಮಹಿಳೆ ಮೈಚಾಚಿ ನೆಮ್ಮದಿಯಾಗಿ ಮಲಗಬಲ್ಲ ಉಷ್ಣತೆ. ‘ಲಿಮಿಟ್’ ಎಂದರೆ ಸಾಮಾನ್ಯ ಮೈಕಟ್ಟಿನ ಪುರುಷ ಮುದುಡಿಕೊಂಡು ಹೇಗೋ ನಿದ್ರಿಸಬಲ್ಲ ಉಷ್ಣತೆ. ‘ಎಕ್ಸ್‌ಟ್ರೀಮ್’ ಎಂಬುದು ಜೀವ ಉಳಿಸಿಕೊಳ್ಳುವ ಲೆಕ್ಕ. ಅದನ್ನು ನೋಡಿ ಬ್ಯಾಗ್ ಆರಿಸುವುದು ಅಪಾಯಕರ. ದೊಡ್ಡಕ್ಷರದಲ್ಲಿ ಅಚ್ಚಾಗಿರುವುದು ಅನೇಕ ವೇಳೆ ‘ಲಿಮಿಟ್’ ಅಂಕಿ. ನೀವು ಹೆಣ್ಣಾಗಲಿ ಗಂಡಾಗಲಿ ‘ಕಂಫರ್ಟ್’ ನೋಡಿ, ನಿರೀಕ್ಷಿಸುವ ಚಳಿಗಿಂತ ನಾಲ್ಕೈದು ಡಿಗ್ರಿ ಕಡಿಮೆಯದನ್ನು ಆರಿಸಿ. ಈ ಪರೀಕ್ಷೆಯಲ್ಲಿ ಮನುಷ್ಯರ ಬದಲು ಮಲಗಿಸುವ ಬೊಂಬೆ ಒಳಉಡುಪು, ಕಾಲುಚೀಲ ತೊಟ್ಟು ಒಳ್ಳೆಯ ಮ್ಯಾಟಿನ ಮೇಲೆ ಮಲಗಿರುತ್ತದೆ ಎಂಬುದನ್ನೂ ಮರೆಯಬೇಡಿ. ಅದಿಲ್ಲದೆ ಆ ಅಂಕಿಗೆ ಅರ್ಥವಿಲ್ಲ.

ಚೀಲದೊಳಗೆ ಒತ್ತಿ ತುರುಕಿದ ಬ್ಯಾಗನ್ನು ಮಲಗುವ ಹೊತ್ತಿಗೆ ತೆಗೆದರೆ ಅದು ಇನ್ನೂ ಚಪ್ಪಟೆಯಾಗಿರುತ್ತದೆ. ಡೇರೆ ಹಾಕಿದ ಕೂಡಲೇ ಹೊರತೆಗೆದು ಕೊಡವಿ ಹರಡಿಡಿ. ಮನೆಯಲ್ಲಿ ಇಡುವಾಗಲೂ ಸಡಿಲವಾಗಿ ಇಡಿ.

ಬರಿಮೈಯಲ್ಲಿ ಮಲಗಿದರೆ ಹೆಚ್ಚು ಬೆಚ್ಚಗಿರುತ್ತದೆ ಎನ್ನುತ್ತಾರೆ. ನಿಜವೇ?

ನಿಜವಲ್ಲ. ಒಣಗಿದ ಬಟ್ಟೆಯ ಪ್ರತಿಯೊಂದು ಪದರವೂ ಕಾವನ್ನು ಹಿಡಿಯುತ್ತದೆ. ಈ ನಂಬಿಕೆ ಹುಟ್ಟಿದ್ದು ಬಹುಶಃ ಹಗಲಿನ ಬೆವರುಬಟ್ಟೆಯಲ್ಲೇ ಮಲಗಿ ನಡುಗಿದವರಿಂದ. ಅಲ್ಲಿ ತಪ್ಪು ತೇವದ್ದು, ಬಟ್ಟೆಯದ್ದಲ್ಲ. ಮಲಗಲೆಂದೇ ಒಂದು ಜೊತೆ ಬಟ್ಟೆ, ಕಾಲುಚೀಲ, ಟೋಪಿಯನ್ನು ನೀರು ತಾಗದ ಹಾಗೆ ಕಟ್ಟಿಡಿ, ಹಗಲು ಮುಟ್ಟಲೇಬೇಡಿ. ಆದರೆ ಬ್ಯಾಗಿನೊಳಗೆ ಇಕ್ಕಟ್ಟಾಗುವಷ್ಟು ತೊಡಬಾರದು. ತುಂಬಣೆ ಹಿಂಡಿದರೆ ಬೆಚ್ಚಗೆ ಮಾಡಹೋಗಿ ತಣ್ಣಗೆ ಮಾಡಿಕೊಂಡಂತೆ.

ಪಾದ ಮಂಜುಗಡ್ಡೆಯಾಗಿರುತ್ತದೆ, ಅದು ಬಿಸಿಯಾಗುವವರೆಗೆ ನಿದ್ದೆ ಇಲ್ಲ. ಏನು ಮಾಡಲಿ?

ನಿಮ್ಮ ಅನುಭವಕ್ಕೆ ವಿಜ್ಞಾನದ ಆಧಾರವಿದೆ. ನಿದ್ದೆ ಬರಬೇಕಾದರೆ ದೇಹದ ಒಳಗಿನ ಕಾವು ತುಸು ಇಳಿಯಬೇಕು. ಅದು ಇಳಿಯುವುದು ಕೈಕಾಲುಗಳ ರಕ್ತನಾಳಗಳು ಹಿಗ್ಗಿ ಶಾಖವನ್ನು ಹೊರಬಿಟ್ಟಾಗ. ಸ್ವಿಟ್ಜರ್ಲೆಂಡಿನ ಕುರ್ಟ್ ಕ್ರೌಖಿ ಮತ್ತು ಸಂಗಡಿಗರು 1999ರಲ್ಲಿಯೇ ಪಾದ ಬೆಚ್ಚಗಿದ್ದಾಗ ನಿದ್ದೆ ಬೇಗ ಹತ್ತುತ್ತದೆ ಎಂದು ತೋರಿಸಿದ್ದರು. ಮುಚ್ಚಳ ಸೋರದ ಗಟ್ಟಿ ಬಾಟಲಿಗೆ ಬಿಸಿನೀರು ತುಂಬಿ, ಚರ್ಮ ಸುಡದಂತೆ ಕಾಲುಚೀಲದೊಳಗೆ ಹಾಕಿ, ಮಲಗುವ ಹತ್ತು ನಿಮಿಷ ಮೊದಲು ಬ್ಯಾಗಿನ ಬುಡಕ್ಕೆ ತಳ್ಳಿ. ನಡುಗುತ್ತಾ ಒಳಗೆ ಹೋಗಬೇಡಿ. ಸ್ಲೀಪಿಂಗ್ ಬ್ಯಾಗಿಗೆ ತನ್ನದೆಂಬ ಶಾಖವಿಲ್ಲ, ನೀವು ತಂದದ್ದನ್ನು ಕಾಯುತ್ತದೆ ಅಷ್ಟೆ. ಒಂದಷ್ಟು ಬಸ್ಕಿ ಹೊಡೆದು, ಬೆವರುವ ಮೊದಲೇ ನಿಲ್ಲಿಸಿ ಒಳಗೆ ಸೇರಿ. ಹೊಟ್ಟೆಗೂ ಏನಾದರೂ ಬಿದ್ದಿರಬೇಕು. ಅರೆಹೊಟ್ಟೆಯಲ್ಲಿ ಮಲಗಿದವರಿಗೆ ನಸುಕಿನ ಚಳಿ ಹೆಚ್ಚು ಕಾಡುತ್ತದೆ.

ಡೇರೆಯೊಳಗೆ ಒಂದಿಷ್ಟು ಕೆಂಡ ಅಥವಾ ಗ್ಯಾಸ್ ಒಲೆ ಇಟ್ಟುಕೊಂಡರೆ? ಜಿಪ್ ಸ್ವಲ್ಪ ತೆರೆದಿಡುತ್ತೇವೆ.

ಬೇಡ. ತೆರೆದಿಟ್ಟರೂ ಬೇಡ, ಐದು ನಿಮಿಷಕ್ಕೂ ಬೇಡ, ಆರಿದಂತೆ ಕಾಣುವ ಕೆಂಡವಾದರೂ ಬೇಡ. ಉರಿಯುವ, ಹೊಗೆಯಾಡುವ ಯಾವುದರಿಂದಲಾದರೂ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ನಿದ್ದೆಯಲ್ಲಿದ್ದವರಿಗೆ ಅದು ಎಚ್ಚರಿಕೆಯನ್ನೇ ಕೊಡುವುದಿಲ್ಲ. ತಲೆನೋವು, ಮಂಪರು ಬಂದರೂ ನಿದ್ದೆಯ ಜೊಂಪೆಂದೇ ಅನ್ನಿಸುತ್ತದೆ. ಈ ಪುಟದಲ್ಲಿ ಬೇರೆ ಯಾವ ಸಲಹೆಯನ್ನು ಮರೆತರೂ ಇದನ್ನು ಮರೆಯಬೇಡಿ.

ಮಳೆ ಬರಲಿಲ್ಲ, ಆದರೂ ಬೆಳಿಗ್ಗೆ ಡೇರೆಯ ಒಳಗೆಲ್ಲ ಒದ್ದೆ. ಸೋರಿತೇ?

ಅದು ನಿಮ್ಮದೇ ಉಸಿರು. ರಾತ್ರಿಯಿಡೀ ಬಿಟ್ಟ ಉಸಿರಿನ ತೇವ ತಣ್ಣನೆಯ ಬಟ್ಟೆಗೆ ತಾಗಿ ಹನಿಗಟ್ಟುತ್ತದೆ. ಚಳಿಯೆಂದು ಎಲ್ಲ ಕಿಂಡಿ ಮುಚ್ಚಿದಷ್ಟೂ ಹೆಚ್ಚು. ಮೇಲೊಂದು, ಕೆಳಗೊಂದು ಕಿಂಡಿ ತೆರೆದಿಡಿ, ಒದ್ದೆ ಬಟ್ಟೆಯನ್ನು ಒಳಗೆ ಒಣಹಾಕಬೇಡಿ, ಬ್ಯಾಗಿನೊಳಗೆ ಮುಖ ಹುದುಗಿಸಿ ಉಸಿರಾಡಬೇಡಿ. ಮೂಗು ತಣ್ಣಗಾದರೆ ತೆಳುಬಟ್ಟೆ ಸುತ್ತಿಕೊಳ್ಳಿ. ಹಕ್ಕಿಗರಿ ತುಂಬಿದ ಬ್ಯಾಗಾದರೆ ಇನ್ನೂ ಎಚ್ಚರ ಬೇಕು. ನೆಂದ ಗರಿ ಮುದ್ದೆಯಾಗಿ ಕಾವು ಹಿಡಿಯುವುದನ್ನು ಬಿಟ್ಟುಬಿಡುತ್ತದೆ.

ನಮ್ಮ ಕಷ್ಟ ಚಳಿಯದಲ್ಲ, ಸೆಕೆಯದು. ಬೆವರಿನಲ್ಲಿ ನಿದ್ದೆ ಹೇಗೆ?

ಗಾಳಿ ಬೀಸುವ ದಿಕ್ಕಿಗೆ ಬಾಗಿಲಿರಲಿ. ಮಳೆಯ ಸುಳಿವಿಲ್ಲದಿದ್ದರೆ ಡೇರೆಯ ಮೇಲಿನ ಮಳೆಹೊದಿಕೆ ತೆಗೆದು ಬಲೆಯ ಭಾಗದಲ್ಲಿ ಮಾತ್ರ ಮಲಗಿ. ಸ್ಲೀಪಿಂಗ್ ಬ್ಯಾಗ್ ಬಿಟ್ಟು ಒಂದು ತೆಳು ಹೊದಿಕೆ ಸಾಕು. ಮಲಗುವ ಮುನ್ನ ಕುತ್ತಿಗೆ, ಕಂಕುಳು, ಪಾದಗಳನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಂಡರೆ ನೀರು ಆರುವಾಗ ಮೈ ತಣಿಯುತ್ತದೆ. ಬೆಳಿಗ್ಗೆ ಏಳೂವರೆಗೇ ಡೇರೆ ಕಾದ ಹಂಚಿನಂತಾಗುವುದನ್ನು ತಪ್ಪಿಸಲು ಮೂಡಲ ಕಡೆ ನೆರಳು ಬೀಳುವ ಜಾಗ ನೋಡಿ.

ಚಳಿಗೆ ಒಂದು ಗುಟುಕು ಹಾಕಿ ಮಲಗಿದರೆ ತಪ್ಪೇನು?

ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಬೆಚ್ಚಗಾದಂತೆ ತೋರುತ್ತದೆ, ವಾಸ್ತವದಲ್ಲಿ ಕಾವು ಹೊರಹೋಗುತ್ತಿರುತ್ತದೆ. ರಾತ್ರಿಯ ಎರಡನೆಯ ಅರ್ಧದಲ್ಲಿ ನಿದ್ದೆ ಒಡೆದು ಒಡೆದು ಬರುತ್ತದೆ. ಕಾಫಿ, ಚಹಾಕ್ಕೂ ಒಂದು ಮಾತು: ಕೆಫೀನಿನ ಅರ್ಧದಷ್ಟು ಕರಗಲು ಸರಾಸರಿ ಐದು ಗಂಟೆ ಬೇಕು. ಸಂಜೆ ಬೆಂಕಿಯ ಮುಂದೆ ಕೈಗೆ ಬರುವ ಲೋಟದಲ್ಲಿ ಕೆಫೀನಿಲ್ಲದ ಏನಾದರೂ ಇರಲಿ.

## ಸದ್ದು, ಭಯ, ಜೊತೆಗಾರರು

ಎಲೆ ಸರಕ್ ಎಂದರೂ ಎದೆ ಧಸಕ್ಕೆನ್ನುತ್ತದೆ. ಕಿವಿ ಮುಚ್ಚಿಕೊಳ್ಳಲೇ?

ಭಯವನ್ನು ಮೊದಲು ಹಗಲಿನಲ್ಲೇ ಇಳಿಸಿಕೊಳ್ಳಿ. ತಿಂಡಿ, ಹಲ್ಲುಜ್ಜುವ ಪೇಸ್ಟ್, ಕಸ, ಹೀಗೆ ವಾಸನೆಯಿರುವ ಯಾವುದನ್ನೂ ಡೇರೆಯೊಳಗೆ ಇಡಬೇಡಿ; ಪ್ರಾಣಿ ಹತ್ತಿರ ಬರಲು ಮುಖ್ಯ ಕಾರಣ ಅದೇ. ಮುಸ್ಸಂಜೆ ಹತ್ತು ನಿಮಿಷ ಸುಮ್ಮನೆ ಕುಳಿತು, ಯಾವ ಸದ್ದು ಎಲ್ಲಿಂದ ಬರುತ್ತದೆ ಎಂದು ಕೇಳಿಸಿಕೊಳ್ಳಿ. ಹೆಸರು ಗೊತ್ತಾದ ಸದ್ದು ಹೆದರಿಸುವುದಿಲ್ಲ. ಒಣಗಿದ ಎಲೆಗಳ ಮೇಲೆ ಒಂದು ಇಲಿ ಓಡಿದರೂ ದೊಡ್ಡ ಪ್ರಾಣಿ ನಡೆದಂತೆ ಕೇಳುತ್ತದೆ. ಡೇರೆಯ ಸಡಿಲ ಹಗ್ಗಗಳನ್ನು ಬಿಗಿದು, ಜಿಪ್ಪಿನ ತುದಿಯ ಲೋಹ ಕಿಣಿಕಿಣಿ ಎನ್ನದಂತೆ ದಾರ ಕಟ್ಟಿ. ಇಯರ್‌ಪ್ಲಗ್ ಒಳ್ಳೆಯದೇ, ಆದರೆ ದೊಡ್ಡ ಕಾಡುಪ್ರಾಣಿಗಳಿರುವ ಕಡೆ ಮತ್ತು ಹವೆ ಕೆಡುವ ಸೂಚನೆಯಿದ್ದಾಗ ಎಲ್ಲರೂ ಒಟ್ಟಿಗೆ ಹಾಕಿಕೊಳ್ಳಬೇಡಿ. ಜೊತೆಗಾರರ ಗೊರಕೆಗೆ ಇದೇ ಮದ್ದು. ಗೊರಕೆಯವರು ಮಗ್ಗುಲಾಗಿ ಮಲಗಿದರೆ ಇನ್ನಷ್ಟು ಉಪಕಾರ.

ರಾತ್ರಿ ಎರಡು ಗಂಟೆಗೆ ಮೂತ್ರ ಬರುತ್ತದೆ. ಚಳಿಯಲ್ಲಿ ಎದ್ದು ಹೋಗುವುದೋ, ತಡೆದುಕೊಳ್ಳುವುದೋ?

ಎದ್ದು ಹೋಗಿ. ತಡೆದುಕೊಂಡು ಮಗ್ಗುಲು ಬದಲಿಸುತ್ತಾ ಒಂದು ಗಂಟೆ ಕಳೆಯುವುದಕ್ಕಿಂತ ಐದು ನಿಮಿಷದ ಚಳಿ ಲೇಸು. ಚಪ್ಪಲಿ, ಟಾರ್ಚ್, ಜಾಕೆಟ್ ಮೂರನ್ನೂ ಕೈಗೆ ಸಿಗುವ ಒಂದೇ ಜಾಗದಲ್ಲಿ ಇಡಿ. ಕಾಲಿಗೆ ಹಾಕುವ ಮೊದಲು ಚಪ್ಪಲಿ, ಶೂಗಳನ್ನು ಕೊಡವುವುದು ಅಭ್ಯಾಸವಾಗಲಿ. ಸಂಜೆ ನೀರು ಕುಡಿಯುವುದನ್ನೇ ಬಿಡಬೇಡಿ; ಹಗಲಿನಲ್ಲಿ ಹೆಚ್ಚು ಕುಡಿದು ಮಲಗುವ ಹೊತ್ತಿಗೆ ಕಡಿಮೆ ಮಾಡಿ.

ಮಕ್ಕಳು ರಾತ್ರಿ ಹತ್ತಾದರೂ ಕುಣಿಯುತ್ತಾರೆ, ನಸುಕಿಗೇ ಎದ್ದು ಅಳುತ್ತಾರೆ.

ಮನೆಯ ಕ್ರಮವನ್ನು ಅಲ್ಲಿಗೂ ಒಯ್ಯಿರಿ: ಅದೇ ಹೊತ್ತಿಗೆ ಊಟ, ಅದೇ ರಾತ್ರಿಯುಡುಪು, ಅದೇ ಕತೆ, ಅದೇ ಗೊಂಬೆ. ದೊಡ್ಡವರ ಬ್ಯಾಗಿನಲ್ಲಿ ಮಗುವನ್ನು ಮಲಗಿಸಿದರೆ ಕಾಲಿನ ಕಡೆಯ ಖಾಲಿ ಜಾಗ ಬಿಸಿಯಾಗುವುದೇ ಇಲ್ಲ. ಬುಡವನ್ನು ಮಡಿಸಿ ಕೆಳಗೆ ಸೇರಿಸಿ. ಹಸುಗೂಸಿಗೆ ಸ್ಲೀಪಿಂಗ್ ಬ್ಯಾಗ್, ಸಡಿಲ ಕಂಬಳಿ, ಮೆತ್ತನೆಯ ಗಾಳಿ ಹಾಸಿಗೆ ಯಾವುದೂ ಬೇಡ. ಗಟ್ಟಿಯಾದ ಸಮತಟ್ಟು ಹಾಸಿನ ಮೇಲೆ ಅಂಗಾತ ಮಲಗಿಸಿ, ಬೆಚ್ಚನೆಯ ಉಡುಪು ತೊಡಿಸಿ.

## ಅನುಭವವಿದ್ದವರ ಪ್ರಶ್ನೆಗಳು

ಗಾಳಿ ಮ್ಯಾಟ್ ಬಿಗಿಯಾಗಿಯೇ ತುಂಬಿದ್ದೆ, ನಸುಕಿಗೆ ಮೆತ್ತಗಾಗಿತ್ತು. ತೂತು ಸಿಗುತ್ತಿಲ್ಲ.

ತೂತು ಇಲ್ಲದೆಯೂ ಇರಬಹುದು. ಒಳಗಿನ ಗಾಳಿ ತಣ್ಣಗಾದಾಗ ಕುಗ್ಗುತ್ತದೆ. ಬಾಯಿಂದ ಊದಿದ ಬಿಸಿ ಗಾಳಿಯಾದರೆ ಇನ್ನೂ ಹೆಚ್ಚು. ಸಂಜೆ ತುಂಬಿಟ್ಟು ಮಲಗುವ ಹೊತ್ತಿಗೆ ಮತ್ತೊಮ್ಮೆ ತುಂಬಿ. ಊದುವ ಬದಲು ಪಂಪ್‌ಚೀಲ ಬಳಸಿದರೆ ಉಸಿರಿನ ತೇವವೂ ಒಳಗೆ ಹೋಗುವುದಿಲ್ಲ. ಕಲ್ಲಿನಂತೆ ಬಿಗಿಯಾಗಿರುವುದೂ ತಪ್ಪು. ಮಗ್ಗುಲಾಗಿ ಮಲಗಿದಾಗ ಸೊಂಟ ಕೊಂಚ ಇಳಿಯಬೇಕು, ನೆಲ ಮುಟ್ಟಬಾರದು. ಅಲ್ಲಿಯವರೆಗೆ ಸ್ವಲ್ಪ ಸ್ವಲ್ಪವೇ ಗಾಳಿ ಬಿಟ್ಟು ನೋಡಿ. ಮಗ್ಗುಲಾಗಿ ಮಲಗುವವರಿಗೆ ಏಳೆಂಟು ಸೆಂಟಿಮೀಟರ್ ದಪ್ಪದ ಮ್ಯಾಟ್ ಹಿತ.

ಹ್ಯಾಮಕ್‌ನಲ್ಲಿ ಬೆನ್ನು ಬಾಳೆಕಾಯಿಯಂತೆ ಬಾಗುತ್ತದೆ. ಮರಗಳ ನಡುವೆ ಕಟ್ಟುವ ಈ ತೂಗುಹಾಸಿಗೆಯಲ್ಲಿ ಜನ ಹೇಗೆ ಮಲಗುತ್ತಾರೆ?

ಓರೆಯಾಗಿ. ತಲೆಯನ್ನು ನಡುಗೆರೆಯ ಒಂದು ಬದಿಗೆ, ಕಾಲನ್ನು ಇನ್ನೊಂದು ಬದಿಗೆ ಇಟ್ಟರೆ ಬಟ್ಟೆ ಚಪ್ಪಟೆಯಾಗುತ್ತದೆ. ಬಿಗಿಯಾಗಿ ಎಳೆದು ಕಟ್ಟಬೇಡಿ. ಹಗ್ಗ ಸುಮಾರು 30 ಡಿಗ್ರಿ ಇಳಿಜಾರಿನಲ್ಲಿ ಸಡಿಲವಾಗಿ ತೂಗಬೇಕು. ಕೆಳಗಿನಿಂದ ಗಾಳಿ ಬೀಸುವುದರಿಂದ ಬೆಚ್ಚನೆಯ ಕಾಲದಲ್ಲೂ ಬೆನ್ನು ತಣ್ಣಗಾಗುತ್ತದೆ. ಹ್ಯಾಮಕ್‌ನ ಹೊರಗೆ, ಕೆಳಭಾಗಕ್ಕೆ ತೂಗುಹಾಕುವ ರಜಾಯಿ ಸಿಗುತ್ತದೆ. ಮೈಭಾರಕ್ಕೆ ಸಿಕ್ಕದ ಕಾರಣ ಅದು ಉಬ್ಬಿಯೇ ಇದ್ದು ಕಾವು ಹಿಡಿಯುತ್ತದೆ.

3,500 ಮೀಟರ್ ಎತ್ತರದಲ್ಲಿ ಉಸಿರು ನಿಂತಂತಾಗಿ ಗಾಬರಿಯಿಂದ ಎದ್ದು ಕುಳಿತೆ. ಇದು ಅಪಾಯವೇ?

ಸುಮಾರು 2,500 ಮೀಟರಿನ ಮೇಲೆ ಇದು ಅನೇಕರಿಗೆ ಆಗುತ್ತದೆ. ಆಮ್ಲಜನಕ ಕಡಿಮೆಯಾದ್ದರಿಂದ ದೇಹ ಜೋರಾಗಿ ಉಸಿರಾಡುತ್ತದೆ, ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಆಗ ಮೆದುಳು ಕೆಲವು ಕ್ಷಣ ಉಸಿರನ್ನು ತಡೆಹಿಡಿಯುತ್ತದೆ, ಮತ್ತೆ ಏದುಸಿರು. ಈ ಏರಿಳಿತವೊಂದೇ ಆದರೆ ಸಾಮಾನ್ಯವಾಗಿ ಅಪಾಯವಿಲ್ಲ. ಜೊತೆಗೆ ತೀವ್ರ ತಲೆನೋವು, ವಾಂತಿ, ತೂರಾಟ, ಗೊಂದಲ, ಸುಮ್ಮನೆ ಕುಳಿತಾಗಲೂ ಏದುಸಿರು ಕಂಡರೆ ಬೆಳಗಾಗಲೆಂದು ಕಾಯದೆ ಕೆಳಗಿಳಿಯಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬೇಡಿ, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಉಳಿಯಿರಿ. ಹಗಲು ಎಷ್ಟು ಏರಿದಿರಿ ಎಂಬುದಕ್ಕಿಂತ ಎಲ್ಲಿ ಮಲಗಿದಿರಿ ಎಂಬುದು ಮುಖ್ಯ. ನಿದ್ದೆ ಮಾತ್ರೆಯನ್ನು ಸ್ವಂತ ನಿರ್ಧಾರದಿಂದ ನುಂಗಬೇಡಿ. ಕೆಲವು ಮಾತ್ರೆಗಳು ಉಸಿರಾಟವನ್ನೇ ಕುಗ್ಗಿಸುತ್ತವೆ. ಎತ್ತರದ ಕಾಯಿಲೆ ತಡೆಯಲು ಕೊಡುವ ಅಸೆಟಜೋಲಮೈಡ್ ಮಾತ್ರೆ ಬೇಕೇ ಎಂದು ಹೊರಡುವ ಮೊದಲು ವೈದ್ಯರನ್ನು ಕೇಳಿ.

ನಿದ್ದೆಯಲ್ಲಿ ಉಸಿರು ಆಗಾಗ ನಿಲ್ಲುವ ಸ್ಲೀಪ್ ಅಪ್ನಿಯಾಕ್ಕೆ, ಮುಖವಾಡದ ಮೂಲಕ ಗಾಳಿ ಒತ್ತುವ ಸಿಪ್ಯಾಪ್ ಯಂತ್ರ ಬಳಸುತ್ತೇನೆ. ಕ್ಯಾಂಪಿಂಗ್ ಆಸೆ ಬಿಡಬೇಕೇ?

ಬಿಡಬೇಕಿಲ್ಲ. ಯಂತ್ರಕ್ಕೆ ಹೊಂದುವ ಬ್ಯಾಟರಿ ಕೊಳ್ಳಿ, ತೇವ ಕೊಡುವ ಹ್ಯೂಮಿಡಿಫೈಯರ್ ಮತ್ತು ಬಿಸಿ ಕೊಳವೆಯನ್ನು ಆಫ್ ಮಾಡಿಡಿ. ಹೆಚ್ಚು ವಿದ್ಯುತ್ ನುಂಗುವುದು ಅವೇ. ಮನೆಯಲ್ಲಿ ಒಂದು ಪೂರ್ತಿ ರಾತ್ರಿ ಬ್ಯಾಟರಿಯಲ್ಲೇ ನಡೆಸಿ ಪರೀಕ್ಷಿಸಿ. ಚಳಿಯಲ್ಲಿ ಬ್ಯಾಟರಿಯ ಶಕ್ತಿ ಕುಗ್ಗುತ್ತದೆ, ಬಟ್ಟೆ ಸುತ್ತಿಡಿ.

ಎಲ್ಲ ಮಾಡಿದರೂ ಕೊನೆಯ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ನಾಲ್ಕು ಗಂಟೆ ಕಾರು ಓಡಿಸಬೇಕು.

ಬೇರೆಯವರು ಓಡಿಸಲಿ, ಇಲ್ಲವೇ ಹೊರಡುವುದನ್ನು ತಡಮಾಡಿ. 1997ರಲ್ಲಿ ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ ಪ್ರಕಟಿಸಿದ ಅಧ್ಯಯನದ ಪ್ರಕಾರ, 17 ಗಂಟೆ ಸತತ ಎಚ್ಚರವಿದ್ದವರ ಕೈಕಣ್ಣುಗಳ ಹೊಂದಾಣಿಕೆ, ರಕ್ತದಲ್ಲಿ 0.05 ಶೇಕಡಾ ಮದ್ಯವಿದ್ದವರಷ್ಟೇ ಕುಗ್ಗಿತ್ತು. ಡೇರೆ ಮಡಿಸುವ ಮೊದಲು ನೆರಳಿನಲ್ಲಿ ಮಲಗಿ. ಇಪ್ಪತ್ತು ನಿಮಿಷದ ಜೊಂಪಾದರೂ ಚೇತರಿಕೆ ಕೊಡುತ್ತದೆ; ಸಮಯವಿದ್ದರೆ ಒಂದೂವರೆ ಗಂಟೆ ಮಲಗಿ. ಎದ್ದ ಕೂಡಲೇ ಸ್ಟಿಯರಿಂಗ್ ಹಿಡಿಯಬೇಡಿ, ಮಂಪರು ಇಳಿಯಲು ಅರ್ಧ ಗಂಟೆ ಬೇಕು. ಆ ಹೊತ್ತಿನಲ್ಲಿ ಮ್ಯಾಟ್ ಸುತ್ತಿ, ಒದ್ದೆ ಬಟ್ಟೆ ಕಟ್ಟಿ, ಹಗ್ಗ ಬಿಚ್ಚಿ. ದಾರಿಯಲ್ಲಿ ಆಕಳಿಕೆ ಮೇಲಿಂದ ಮೇಲೆ ಬಂದರೆ, ಕಳೆದ ಒಂದೆರಡು ಕಿಲೋಮೀಟರ್ ನೆನಪಿಗೇ ಬಾರದಿದ್ದರೆ, ಸುರಕ್ಷಿತ ಜಾಗದಲ್ಲಿ ಕಾರು ನಿಲ್ಲಿಸಿ, ಸೀಟು ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿ. ಮನೆಯವರಿಗೆ ತಡವಾಗುತ್ತದೆ ಎಂದು ಅದಕ್ಕೆ ಮೊದಲು ಒಂದು ಕರೆ ಮಾಡಿ.